ನಗೆಗಾರನ ಹುಟ್ಟುಹಬ್ಬ

ಹುಟ್ಟುಹಬ್ಬವೆಂಬುದು ನಮ್ಮ ಮನೆಯಲ್ಲಿ ಆಚರಣೆಯಲ್ಲಿಲ್ಲದ ಹಬ್ಬ. ಅಪ್ಪ ಹುಟ್ಟಿದ ದಿನ ಯಾವುದೆಂದು ಅಪ್ಪನಿಗೇ ತಿಳಿಯದು. ಅವ್ವನನ್ನು ಕೇಳಿದರೆ, ತಾನು ಹುಟ್ಟಿದ್ದು ರಾಗಿ ಕುಯ್ಲಿನ ಕಾಲದಲ್ಲಿ ಎಂದಷ್ಟೇ ಹೇಳುತ್ತಾಳೆ. ನನ್ನ ಜನ್ಮದಿನ ಜೂನ್ 1 ಎಂದು ಶಾಲೆಯ ದಾಖಲೆಯಲ್ಲಿದೆ. ಅದು ನಾನು ಹುಟ್ಟಿದ ದಿನವಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕ ಹಾಕಿ ಬರೆದುಕೊಂಡ ದಿನ. ನಮ್ಮ ತರಗತಿಯಲ್ಲಿ ಇಂಥ ‘ಜೂನ್ ಒಂದರ ಮಕ್ಕಳು’ ಐದಾರು ಮಂದಿ ಇದ್ದೇವೆ. ಹೀಗಿರುವಾಗ, ಕಡಲಾಚೆಯ ನಗೆಗಾರನೊಬ್ಬನ ಹುಟ್ಟುಹಬ್ಬಕ್ಕೆಂದು ನಾನು ಮನೆಯಲ್ಲಿ ಕೇಕು ಮಾಡಿಸಿದೆನೆಂದರೆ ವಾಚಕರು ನಗಬಹುದು. ನಗಲಿ, ಆ ದಿನದ ಉದ್ದೇಶವೂ ಅದೇ.

ಏಪ್ರಿಲ್ 16 ಚಾರ್ಲಿ ಚಾಪ್ಲಿನ್ ಹುಟ್ಟಿದ ದಿನ. 1889ರಲ್ಲಿ ಹುಟ್ಟಿದ ಆತ ಬೆಳೆದದ್ದು ಲಂಡನ್ನಿನ ಬಡವರ ಬೀದಿಗಳಲ್ಲಿ. ತಂದೆ ಕುಡಿತಕ್ಕೆ ಬಲಿಯಾದ. ತಾಯಿ ಬುದ್ಧಿಭ್ರಮಣೆಯಿಂದ ಆಸ್ಪತ್ರೆ ಸೇರಿದಳು. ಏಳು ವರ್ಷದ ಹುಡುಗ ಗತಿಯಿಲ್ಲದವರ ಅನಾಥಾಲಯದ ಅನ್ನ ತಿಂದ. ಅಂಥವನು ಮುಂದೆ ಲೋಕವನ್ನೇ ನಗಿಸಿದ. ಆತನ ಹುಟ್ಟುಹಬ್ಬವನ್ನು ಆಚರಿಸುವುದು ನನ್ನದೇ ಹೊಸ ಹುಚ್ಚೇನೂ ಅಲ್ಲ. ಗುಜರಾತಿನ ಕಚ್ಛ್ ಪ್ರಾಂತದ ಆದಿಪುರ ಎಂಬ ಊರಿನಲ್ಲಿ ಆಯುರ್ವೇದ ವೈದ್ಯರೊಬ್ಬರು 1973ರಲ್ಲಿ ಇದನ್ನು ಆರಂಭಿಸಿದರು. ಅಲ್ಲಿ ಆ ದಿನ ಹಿರಿಯರೂ ಕಿರಿಯರೂ ಮೀಸೆ ಅಂಟಿಸಿಕೊಂಡು, ಬೆತ್ತ ಹಿಡಿದು ಮೆರವಣಿಗೆ ಹೊರಡುತ್ತಾರೆ, ಕೇಕನ್ನೂ ಕತ್ತರಿಸುತ್ತಾರೆ.

ನನಗೆ ಚಾಪ್ಲಿನ್ನನ ಪರಿಚಯವಾದದ್ದು ಈ ಕಾಲೇಜಿನಲ್ಲಿ. ನಮ್ಮ ಇಂಗ್ಲಿಷ್ ಅಧ್ಯಾಪಕರು 1925ರ ‘ದಿ ಗೋಲ್ಡ್ ರಷ್’ ಎಂಬ ಮೂಕಚಿತ್ರವನ್ನು ಸಭಾಂಗಣದಲ್ಲಿ ತೋರಿಸಿದರು. ಇಂಗ್ಲಿಷ್ ಪಾಠವೆಂದರೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸುತ್ತಿದ್ದ ನಾನು, ಅಂದು ಎಲ್ಲರ ಜೊತೆಗೆ, ಎಲ್ಲರಷ್ಟೇ ನಕ್ಕೆ. ಅದರಲ್ಲೊಂದು ದೃಶ್ಯವಿದೆ. ಚಿನ್ನ ಹುಡುಕಲು ಹೋದವರಿಬ್ಬರು ಹಿಮದ ನಡುವಿನ ಗುಡಿಸಿಲಿನಲ್ಲಿ ಸಿಕ್ಕಿಬಿದ್ದಿದ್ದಾರೆ. ತಿನ್ನಲು ಏನೂ ಇಲ್ಲ. ಚಾರ್ಲಿ ತನ್ನ ಒಂದು ಬೂಟನ್ನೇ ಬೇಯಿಸುತ್ತಾನೆ. ತಟ್ಟೆಗೆ ಹಾಕಿ, ಹಬ್ಬದ ಊಟವೆಂಬಂತೆ ಹದವಾಗಿ ಕೊಯ್ದು ಬಡಿಸುತ್ತಾನೆ. ಲಾಡಿಯನ್ನು ಶಾವಿಗೆಯಂತೆ ಸುತ್ತಿ ತಿನ್ನುತ್ತಾನೆ. ಮೊಳೆಗಳನ್ನು ಮೂಳೆಯಂತೆ ಚೀಪುತ್ತಾನೆ. ಚಿತ್ರೀಕರಣಕ್ಕೆ ಬಳಸಿದ್ದು ಜ್ಯೇಷ್ಠಮಧುವಿನ ಮಿಠಾಯಿಯಿಂದ ಮಾಡಿದ ಬೂಟು. ಆದರೆ ಆ ಹಸಿವು ಕಲ್ಪನೆಯದಲ್ಲ.

ಈಗ ಒಂದು ತಪ್ಪೊಪ್ಪಿಗೆ. ಕಳೆದ ವರ್ಷ ನಮ್ಮ ಹಾಸ್ಟೆಲಿನಲ್ಲಿ ಗೆಳೆಯನೊಬ್ಬನ ಹುಟ್ಟುಹಬ್ಬಕ್ಕೆ ಬೇಕರಿಯಿಂದ ಕೇಕು ತಂದೆವು. ಅದರ ಬೆಲೆ ನನ್ನ ಅಪ್ಪನ ಒಂದು ದಿನದ ಕೂಲಿಗಿಂತ ಹೆಚ್ಚು. ನಾನೂ ಐವತ್ತು ರೂಪಾಯಿ ವಂತಿಗೆ ಕೊಟ್ಟಿದ್ದೆ. ದೀಪ ಆರಿಸಿದ್ದೇ ತಡ, ಕೇಕು ಮುಖಗಳಿಗೂ ಗೋಡೆಗೂ ನೆಲಕ್ಕೂ ಹಂಚಿಹೋಯಿತು. ಬಾಯಿಗೆ ಹೋದದ್ದು ಕಡಿಮೆ. ನಾನೂ ಬಳಿದೆ, ನಾನೂ ನಕ್ಕೆ. ಮರುದಿನ ಬೆಳಿಗ್ಗೆ ನಮ್ಮ ಅಡುಗೆಯಮ್ಮ ಮಂಡಿಯೂರಿ ಕುಳಿತು ಆ ಜಿಡ್ಡನ್ನು ಉಜ್ಜುತ್ತಿದ್ದುದನ್ನು ಕಂಡೆ. ಆಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ.

ಈ ವಿಷಯವಾಗಿ ವಾದಕ್ಕಿಳಿದ ಮಿತ್ರನೊಬ್ಬ ಹೀಗೆಂದ: “ನಗೆಗಾರನ ಹುಟ್ಟುಹಬ್ಬಕ್ಕೆ ಮುಖಕ್ಕೆ ಕೇಕು ಬಳಿಯುವುದೇ ಯೋಗ್ಯವಾದ ಪೂಜೆಯಲ್ಲವೆ? ಅವರ ಚಿತ್ರಗಳಲ್ಲಿ ತಿಂಡಿ ಎಸೆದಾಡುವುದಿಲ್ಲವೆ?” ಮಾತಿನಲ್ಲಿ ಸತ್ಯಾಂಶವುಂಟು. ಚಾಪ್ಲಿನ್ನನ 1916ರ ‘ಬಿಹೈಂಡ್ ದ ಸ್ಕ್ರೀನ್’ ಚಿತ್ರದಲ್ಲಿಯೇ ಅಂಥ ಎಸೆದಾಟವಿದೆ. ಆದರೆ ಒಂಬತ್ತು ವರ್ಷಗಳ ಅನಂತರ ಅದೇ ಚಾಪ್ಲಿನ್ ಮಾಡಿದ್ದೇನು? ತಿನ್ನುವ ವಸ್ತುವನ್ನು ಎಸೆದು ನಗಿಸಿದವನು, ತಿನ್ನಲಾಗದ ವಸ್ತುವನ್ನು ಗೌರವದಿಂದ ತಿಂದು ನಗಿಸಿದ. ಎರಡೂ ನಗೆಯೇ. ಮೊದಲನೆಯದು ಚಿತ್ರ ಮುಗಿಯುವುದರೊಳಗೆ ಮರೆತುಹೋಗುತ್ತದೆ. ಎರಡನೆಯದು ನೂರು ವರ್ಷಗಳಾದರೂ ನಮ್ಮ ಊರಿನವರೆಗೆ ನಡೆದು ಬಂದಿದೆ. ಹಸಿವನ್ನು ಬಲ್ಲವನ ಹಬ್ಬದಲ್ಲಿ ಅನ್ನವನ್ನು ನೆಲಕ್ಕೆ ಚೆಲ್ಲುವುದು ಅವನಿಗೆ ಮಾಡುವ ಮರ್ಯಾದೆಯೆಂದು ನಾನು ಒಪ್ಪಲಾರೆ.

ಆದುದರಿಂದ ಈ ವರ್ಷ ಬೂಟಿನ ಆಕಾರದ ಕೇಕನ್ನೇ ಮಾಡುವುದೆಂದು ನಿಶ್ಚಯಿಸಿ ಊರಿಗೆ ಹೋದೆ. ಅವ್ವ ಹೌಹಾರಿದಳು. “ಎಕ್ಕಡಾನ ಬೇಯಿಸಿ ತಿನ್ನಾದೇನ್ಲಾ ಮಗಾ? ಯಾರವನು, ನಮ್ ಪೈಕಿಯೋನಾ?” ಎಂದಳು. ಮೊಬೈಲಿನಲ್ಲಿ ಆ ದೃಶ್ಯ ತೋರಿಸಿದೆ. ಮೊದಲು ನಕ್ಕಳು. ಅವನು ಮೊಳೆ ಚೀಪುವಾಗ ನಗು ನಿಲ್ಲಿಸಿ, “ಪಾಪ, ಎಷ್ಟು ದಿನದಿಂದ ಉಂಡಿಲ್ವೋ” ಎಂದಳು. ಹಿಟ್ಟಿನ ಡಬ್ಬ ಇಳಿಸಿದಳು.

ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನ ರಬ್ಬರು, ಸೀಟಿ ತೆಗೆದು, ತಳಕ್ಕೆ ಉಪ್ಪು ಹರಡಿ, ಮೇಲೆ ಪಾತ್ರೆಯಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದೆವು. ರಾಗಿ ಹಿಟ್ಟು, ಗೋಧಿ ಹಿಟ್ಟು, ಬೆಲ್ಲ, ಮೊಸರು, ಎಣ್ಣೆ, ಚಿಟಿಕೆ ಸೋಡಾ, ಇಷ್ಟೇ ಸಾಮಗ್ರಿ. ರಾಗಿಯಿಂದಾಗಿ ಬೂಟಿನ ಬಣ್ಣ ತಾನಾಗಿಯೇ ಬಂತು. ಬೆಲ್ಲದ ಪಾಕದಲ್ಲಿ ಅದ್ದಿದ ಶಾವಿಗೆ ಲಾಡಿಯಾಯಿತು, ಲವಂಗ ಮೊಳೆಯಾಯಿತು. ಬೂಟಿನ ಮೂತಿ ಮಾತ್ರ ಒಂದು ಕಡೆಗೆ ವಾಲಿತು. ಅಪ್ಪ ನೋಡಿ, “ಇದು ನನ್ನ ಮೆಟ್ಟಿನ ಹಂಗೇ ಐತಲ್ಲೋ” ಎಂದರು.

ಅದನ್ನು ಹಾಸ್ಟೆಲಿಗೆ ತಂದು, ಮೊದಲ ತುಂಡನ್ನು ಅಡುಗೆಯಮ್ಮನಿಗೆ ಕೊಟ್ಟೆ. “ಇವತ್ತು ಯಾರ ಹುಟ್ಟಿದ ದಿನ ಕಣಪ್ಪಾ?” ಎಂದು ಕೇಳಿದರು. ಹೇಳಿದೆ. “ನಿಮ್ಮದು ಯಾವಾಗ ಅಮ್ಮ?” ಎಂದು ಗೆಳೆಯನೊಬ್ಬ ಕೇಳಿದ. ಆಕೆ ನಕ್ಕು ತಲೆಯಾಡಿಸಿದರು. ಅವರಿಗೂ ತಿಳಿಯದು. ಅಂದು ಹದಿನೆಂಟು ಮಂದಿ ಒಂದು ಬೂಟನ್ನು ತಿಂದೆವು. ನೆಲದ ಮೇಲೆ ಬಿದ್ದದ್ದು ಎರಡು ಲವಂಗ.

ಕೇಕು ಪರದೇಶದ ಪದ್ಧತಿ, ನಮಗೇಕೆ ಎನ್ನುವವರಿದ್ದಾರೆ. ಪದ್ಧತಿ ಎಲ್ಲಿಯದಾದರೇನು? ಹಿಟ್ಟು ನಮ್ಮದು, ಬೆಲ್ಲ ನಮ್ಮದು, ಹಂಚಿ ತಿನ್ನುವ ಬುದ್ಧಿಯೂ ನಮ್ಮದಾಗಿದ್ದರೆ ಸಾಕು. ಬೇಡವೆನ್ನಬೇಕಾದದ್ದು ಕೇಕನ್ನಲ್ಲ, ಚೆಲ್ಲಾಟವನ್ನು. ನಗಿಸಿದವರನ್ನು ನೆನೆಯುವುದಾದರೆ ಕೈಯಾರೆ ಏನಾದರೊಂದನ್ನು ಮಾಡಿ, ಹುಟ್ಟಿದ ದಿನವೇ ತಿಳಿಯದವರಿಗೆ ಮೊದಲು ಕೊಟ್ಟು ನೆನೆಯೋಣ.

ಮುಂದಿನ ಏಪ್ರಿಲ್ 16ರಂದು ನಾನು ಈ ಕಾಲೇಜಿನಲ್ಲಿರುವುದಿಲ್ಲ. ಕಿರಿಯ ಸಹೋದರ ಸಹೋದರಿಯರಲ್ಲಿ ಯಾರಾದರೂ ಈ ಕೆಲಸವನ್ನು ಮುಂದುವರಿಸುವುದಾದರೆ ಅವ್ವನ ಅಳತೆಯನ್ನು ಸಂತೋಷದಿಂದ ಬರೆದುಕೊಡುತ್ತೇನೆ. ಮೂತಿ ವಾಲದಂತೆ ಮಾಡುವ ಉಪಾಯವನ್ನು ಮಾತ್ರ ಅವರೇ ಕಂಡುಕೊಳ್ಳಬೇಕು.