ಇಮ್ಯೂನಿಟಿ ಕಮ್ಮಿ ಅಲ್ಲ ಸ್ವಾಮಿ! (ಉಸಿರಿನ ಮಾತು – 5)

ಪಕ್ಕದ ಮನೆ ಮಗುಗೆ ಉಬ್ಬಸ ಅಂದ ಕೂಡಲೇ ನಾವು ಹೇಳೋದು ಒಂದೇ: "ಇಮ್ಯೂನಿಟಿ ಕಮ್ಮಿ ಇದೆ, ಏನಾದ್ರೂ ಬೂಸ್ಟರ್ ಕೊಡಿ." ನೀವೂ ಹೇಳಿರ್ತೀರಿ. ದಯವಿಟ್ಟು ನಿಲ್ಲಿಸಿ.

ಅಲರ್ಜಿಯ ಅಸ್ತಮಾದಲ್ಲಿ ರೋಗನಿರೋಧಕ ಕೋಶಗಳು ಸೋಮಾರಿಗಳಲ್ಲ, ಬೇಡದ ಕಡೆ ಜಗಳಕ್ಕೆ ನಿಂತಿವೆ. ಹಾಸಿಗೆ ಧೂಳಿನ ನುಸಿ, ಕಾಂಗ್ರೆಸ್ ಗಿಡದ ಪರಾಗ, ಇಂಥದ್ದನ್ನೇ ಶತ್ರು ಅಂದ್ಕೊಂಡು ದೇಹ ಐಜಿಇ ಪ್ರತಿಕಾಯ ತಯಾರಿಸುತ್ತೆ. ಅದು ಮಾಸ್ಟ್ ಕೋಶಗಳ ಮೈಮೇಲೆ ಕಾದು ಕೂರುತ್ತೆ. ಮತ್ತೆ ಪರಾಗ ಬಂತೋ, ನಿಮಿಷಗಳಲ್ಲಿ ಹಿಸ್ಟಮೀನ್ ಸುರಿದು ಶ್ವಾಸನಾಳ ಬಿಗಿಯುತ್ತೆ. ಕೆಲವು ಗಂಟೆ ಬಿಟ್ಟು ಇಯೊಸಿನೊಫಿಲ್‌ಗಳ ದಂಡು. (ಪಾಲ್ ಎರ್ಲಿಶ್ 1879ರಲ್ಲೇ ಬಣ್ಣ ಹಾಕಿ ಗುರುತಿಸಿದ ಬಿಳಿ ರಕ್ತಕಣ ಇದು, ಹೊಸದೇನಲ್ಲ.) ಈ ದಂಡನ್ನ ಕರೆಯೋ ಸಂದೇಶದ ಹೆಸರು ಇಂಟರ್‌ಲ್ಯೂಕಿನ್-5. ಅದನ್ನ ಕಳಿಸೋ ಕೋಶಗಳಲ್ಲೊಂದಾದ ಐಎಲ್‌ಸಿ2 ವಿಜ್ಞಾನಿಗಳ ಕಣ್ಣಿಗೆ ಬಿದ್ದಿದ್ದೇ 2010ರ ಸುಮಾರಿಗೆ. ಇಯೊಸಿನೊಫಿಲ್ ಹೆಚ್ಚಿರೋ ತೀವ್ರ ಅಸ್ತಮಾಗೆ ಕೊಡೋ ಮೆಪೊಲಿಜುಮ್ಯಾಬ್ ಇಂಜೆಕ್ಷನ್ ಮಾಡೋದೂ ಆ ಸಂದೇಶವನ್ನ ತಡೆಯೋ ಕೆಲಸ. ಬೂಸ್ಟ್ ಅಲ್ಲ, ಬ್ರೇಕ್!

ಇನ್ನು "ಇನ್‌ಹೇಲರ್ ಚಟ ಆಗುತ್ತೆ" ಅನ್ನೋರು. ನೀಲಿ ಇನ್‌ಹೇಲರ್ ಬಿಗಿದ ನಾಳವನ್ನ ಸಡಿಲಿಸುತ್ತೆ ಅಷ್ಟೆ, ಒಳಗಿನ ಉರಿಯೂತ ಹಾಗೇ ಇರುತ್ತೆ. ಅದನ್ನ ತಗ್ಗಿಸೋದು ಸ್ಟೀರಾಯ್ಡ್ ಇನ್‌ಹೇಲರ್, ಅದೂ ಮೈಕ್ರೋಗ್ರಾಂ ಲೆಕ್ಕದಲ್ಲಿ. ದೊಡ್ಡವರು, ಹದಿಹರೆಯದವರು ಬರೀ ನೀಲಿಯದನ್ನೇ ನಂಬ್ಕೊಂಡು ಇರಬಾರದು ಅಂತ ಜಾಗತಿಕ ಅಸ್ತಮಾ ಮಾರ್ಗಸೂಚಿ 'ಜಿನಾ' 2019ರಲ್ಲೇ ಹೇಳಿದೆ.

ಇನ್ಮೇಲೆ ಬೂಸ್ಟರ್ ಡಬ್ಬ ಹಿಡ್ಕೊಂಡು ಬಂದೋರನ್ನ ಕೇಳಿ: ಯಾವುದನ್ನ ಬೂಸ್ಟ್ ಮಾಡ್ತೀರಿ ಸಾರ್, ಇಯೊಸಿನೊಫಿಲ್ಲನ್ನಾ?

ಮುಂದಿನ ಪೋಸ್ಟ್: ಮಕ್ಕಳಿಗೆ ಸ್ಪೇಸರ್ ಹಿಡಿಯೋದು ಹೇಗೆ 👇