ಒಂದೇ ಸೂರಿನಡಿ ಹಂದಿ, ತರಕಾರಿ, ಗ್ಯಾಸು

‘ಇನ್ನೊಂದೈದು ವರ್ಷ ದುಡಿದು ಊರಲ್ಲಿ ಫಾರ್ಮ್ ಮಾಡ್ತೀನಿ ಕಣೋ!’ ಆಫೀಸಿನ ಕಾಫಿ ಬ್ರೇಕಲ್ಲಿ ಈ ಮಾತು ಕೇಳದವರು ಕಡಿಮೆ. ಆ ಕನಸಲ್ಲಿ ಹಸುವಿನ ಶೆಡ್ ಒಂದು ಕಡೆ, ಪಾಲಿಹೌಸ್ ಇನ್ನೊಂದು ಕಡೆ. ಎರಡಕ್ಕೂ ಬೇರೆ ಬೇರೆ ಸಾಲ! ಎರಡನ್ನೂ ಒಂದೇ ಕಟ್ಟಡದಲ್ಲಿ ಇಟ್ಟವರ ಕಥೆ ಗೊತ್ತಾ?

ಉತ್ತರ ಚೀನಾದ ಲಿಯಾವೊನಿಂಗ್ ಪ್ರಾಂತ್ಯ. ಅಲ್ಲಿನ ಚಳಿಗಾಲ ಹೆಪ್ಪುಗಟ್ಟಿಸುವಂಥದ್ದು. ಬಯಲಲ್ಲಿ ತರಕಾರಿ ಬೆಳೆಯಲ್ಲ. ಹಂದಿ ತಿಂದದ್ದು ಮೈ ಬೆಚ್ಚಗಿಟ್ಟುಕೊಳ್ಳೋಕೇ ಖರ್ಚಾಗಿ ತೂಕ ಏರಲ್ಲ. ಚಳಿ ಹೆಚ್ಚಾದರೆ ಗೋಬರ್ ಗ್ಯಾಸ್ ಗುಂಡಿಯ ಸೂಕ್ಷ್ಮಜೀವಿಗಳೂ ಕೆಲಸ ನಿಲ್ಲಿಸುತ್ತವೆ. 1980ರ ದಶಕದಲ್ಲಿ ಈ ಮೂರಕ್ಕೂ ಸೇರಿಸಿ ಅಲ್ಲಿ ರೂಪುಗೊಂಡ ಉತ್ತರದ ಹೆಸರೇ ‘ನಾಲ್ಕು ಸೇರಿ ಒಂದು’.

ಉತ್ತರಕ್ಕೆ ದಪ್ಪ ಗೋಡೆ, ದಕ್ಷಿಣದ ಬಿಸಿಲಿಗೆ ಇಳಿಜಾರಾದ ಪ್ಲಾಸ್ಟಿಕ್ ಹೊದಿಕೆ. ಒಳಗೆ ಒಂದು ತುದಿಗೆ ಹಂದಿಗೂಡು ಮತ್ತು ಶೌಚಾಲಯ, ಅವುಗಳ ನೆಲದಡಿ ಗ್ಯಾಸ್ ಗುಂಡಿ, ಉಳಿದ ಜಾಗವೆಲ್ಲ ತರಕಾರಿ ಮಡಿ. ಹಂದಿಗೂ ಗಿಡಕ್ಕೂ ನಡುವೆ ಒಂದು ಗೋಡೆ, ಅದರಲ್ಲಿ ಗಾಳಿಕಂಡಿ. ಹಂದಿ ಬಿಡುವ ಇಂಗಾಲದ ಡೈಆಕ್ಸೈಡ್ ಗಿಡಕ್ಕೆ, ಗಿಡ ಬಿಡುವ ಆಮ್ಲಜನಕ ಹಂದಿಗೆ. ಸಗಣಿ ಬೆಚ್ಚಗಿನ ಗುಂಡಿಗೆ ಹೋಗುತ್ತೆ. ಗ್ಯಾಸು ಒಲೆಗೆ, ಸ್ಲರಿ ಮಡಿಗೆ. ಹೊರಗೆ ಹಿಮ ಬಿದ್ದಿದ್ದರೂ ಒಳಗೆ ಸೌತೆಕಾಯಿ!

ಕೇಳೋಕೆ ಚಂದ. ಆದರೆ ಆ ನಡುಗೋಡೆ ಸುಮ್ಮನೆ ಇಲ್ಲ. ಗಂಜಲ, ಸಗಣಿಯಿಂದ ಏಳುವ ಅಮೋನಿಯಾ ಹೆಚ್ಚಾದರೆ ಎಲೆ ಸುಡುತ್ತೆ, ಪ್ರಾಣಿಯ ಶ್ವಾಸಕೋಶವೂ ಕೆಡುತ್ತೆ. ಹಾಗಾಗಿ ದಿನಾ ಗೂಡು ತೊಳೀಬೇಕು, ಗಾಳಿ ಆಡಿಸಬೇಕು. ‘ವೀಕೆಂಡ್ ಫಾರ್ಮರ್’ ಆಗಿ ಇದು ನಡೆಯಲ್ಲ.

ಹಾಗಂತ ಇದೇ ಕಟ್ಟಡವನ್ನು ತಂದು ಚಿತ್ರದುರ್ಗದಲ್ಲಿ ನಿಲ್ಲಿಸಿದರೆ? ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಹೊದಿಕೆಯೊಳಗಿನ ಪ್ರಾಣಿ ಬೆಂದುಹೋದೀತು. ನಮ್ಮ ಕೊಟ್ಟಿಗೆಗೆ ಬೇಕಿರೋದು ನೆರಳು, ಎತ್ತರದ ಸೂರು, ಅಡ್ಡಗಾಳಿ. ಅಲ್ಲಿಂದ ತರಬೇಕಾದ್ದು ಕಟ್ಟಡವನ್ನಲ್ಲ, ಲೆಕ್ಕಾಚಾರವನ್ನು. ಕೊಟ್ಟಿಗೆಯ ಸಗಣಿ ಗ್ಯಾಸ್ ಗುಂಡಿಗೆ, ಅದರ ಸ್ಲರಿ ತೋಟಕ್ಕೆ, ತೋಟದ ಹಸಿಹುಲ್ಲು ಮತ್ತೆ ಕೊಟ್ಟಿಗೆಗೆ ಅನ್ನೋ ಸರಪಳಿ ನಮ್ಮ ಎಷ್ಟೋ ಮಲೆನಾಡ ಮನೆಗಳಿಗೆ ಹೊಸದೇನಲ್ಲ.

ಆದ್ದರಿಂದ ಆರ್ಕಿಟೆಕ್ಟ್‌ಗೆ ಫೋನ್ ಮಾಡುವ ಮುಂಚೆ ಒಂದು ಹಾಳೆ ತಗೊಳ್ಳಿ. ಹಸು, ಕೋಳಿ, ಗುಂಡಿ, ಮಡಿ ಎಲ್ಲ ಬರೆದು, ಒಂದರಿಂದ ಹೊರಬಿದ್ದದ್ದು ಯಾವುದಕ್ಕೆ ಹೋಗುತ್ತೆ ಅಂತ ಬಾಣದ ಗುರುತು ಹಾಕಿ. ಎಲ್ಲಿಗೂ ಹೋಗದ ಬಾಣ ಎಷ್ಟಿವೆಯೋ, ನಿಮ್ಮ ಜೇಬಿಗೆ ಅಷ್ಟು ತೂತು ಅಂತಲೇ ಲೆಕ್ಕ. ಮೊದಲು ಅವನ್ನು ಮುಚ್ಚಿ, ಸಾಲದ ಮಾತು ಆಮೇಲೆ.