ಮೀಟರ್ ನಂಬರ್ ಹೇಳ್ತದ, ಅರ್ಥ ಹೇಳೂದಿಲ್ಲ

ಬಾಗಲಕೋಟೆಯ ಹಾಸ್ಟೆಲ್‌ಗಳಿಗೂ ಈಗ ಕೀಟೋ ಬಂದಿದೆ. ಜೋಳದ ರೊಟ್ಟಿ ಬಿಟ್ಟು ಪನೀರ್, ತುಪ್ಪ. ಅದರ ಮೇಲೆ ಶ್ರಾವಣ ಸೋಮವಾರದ ಉಪವಾಸ. ಮರುದಿನ ಬೆಳಿಗ್ಗೆ ಗ್ಲುಕೋಮೀಟರ್ 98 ತೋರಿಸಿದರೆ, "ಲೇ, ಏನೂ ತಿಂದಿಲ್ಲ, ಶುಗರ್ ಎಲ್ಲಿಂದ ಬಂತು?" ಅಂತ ಗಾಬರಿ.

ಬಂದದ್ದು ಲಿವರ್‌ನಿಂದ. ಉಪವಾಸದಲ್ಲಿ ಅದೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡ್ತದ. ಬೆಳಗಿನ ಜಾವದ ಹಾರ್ಮೋನುಗಳು ಇನ್ನಷ್ಟು ಏರಿಸ್ತಾವ. ಖಾಲಿ ಹೊಟ್ಟೆಯಲ್ಲಿ 100ರ ಒಳಗೆ ನಾರ್ಮಲ್ಲೇ. ಮತ್ತೆ ಮತ್ತೆ 126 ದಾಟಿದರೆ ಲ್ಯಾಬ್ ಟೆಸ್ಟ್ ಮಾಡಿಸಬೇಕು. ಮೀಟರ್‌ಗೂ ಟಾಲರೆನ್ಸ್ ಇದೆ: ಐಎಸ್‌ಒ 15197 ಪ್ರಕಾರ 100ರ ಕೆಳಗೆ 15 ಆಚೀಚೆ ಬಂದರೂ ಪಾಸ್. ಲ್ಯಾಬ್‌ನಲ್ಲಿ ವೋಲ್ಟ್‌ಮೀಟರ್‌ಗೆ ಎರರ್ ಬರೆಯೋ ನಾವು ಇಲ್ಲಿ ಯಾಕೆ ಮರೀತೀವಿ?

ಕೀಟೋನ್ ಲೆಕ್ಕ ಬೇರೆ. ಆರೋಗ್ಯವಂತರು ಕೀಟೋದಲ್ಲಿದ್ದಾಗ ರಕ್ತದಲ್ಲಿ ಲೀಟರ್‌ಗೆ 0.5ರಿಂದ 3 ಮಿಲಿಮೋಲ್ ಇರೋದು ಸಹಜ. ಮೂತ್ರದ ಪಟ್ಟಿ ಬೇರೆ ಕೀಟೋನ್ ಅಳೀತದ, ರಕ್ತದ ಪಟ್ಟಿ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ನನ್ನ ತಕರಾರು ಇರೋದು ಸ್ಟೇಟಸ್‌ಗೆ ಹಾಕೋ ರೀಡಿಂಗ್ ಬಗ್ಗೆ. ಅದನ್ನ ನೋಡಿ ಇಳಕಲ್‌ನಲ್ಲೋ ಹುನಗುಂದದಲ್ಲೋ ಇರೋ, ಶುಗರ್ ಗುಳಿಗಿ ನುಂಗೋ ಕಾಕಾ, ದೊಡ್ಡವ್ವ ಶುರು ಮಾಡಿದರೆ? ಇನ್ಸುಲಿನ್ ತಗೊಳ್ಳೋರಿಗೆ ಶುಗರ್ 70ರ ಕೆಳಗೆ ಇಳಿಯೋ ಭಯ. ಡಪಾಗ್ಲಿಫ್ಲೋಜಿನ್‌ನಂಥ ಗುಳಿಗಿ ತಗೊಳ್ಳೋರಿಗೆ ಶುಗರ್ ನಾರ್ಮಲ್ ಕಂಡರೂ ಕೀಟೋನ್ 3 ದಾಟಿ ರಕ್ತ ಆಮ್ಲೀಯ ಆಗಬಹುದು. ವಾಂತಿ, ಏದುಸಿರು ಬಂದರೆ ಕಾಯಬಾರದು, ಸೀದಾ ಆಸ್ಪತ್ರೆಗೆ.

ಅದಕ್ಕೇ, ಮನೆಯವರಿಗೆ ಪಟ್ಟಿ ಕೊಡಿಸೋಕಿಂತ ಮೊದಲು ಅವರ ಗುಳಿಗಿ ಚೀಟಿ ಹಿಡ್ಕೊಂಡು ಡಾಕ್ಟರ್ ಹತ್ರ ಹೋಗ್ರಿ. ಉಪವಾಸ ಆಮೇಲೆ.